ಪ್ರಾಶಸ್ತ್ಯ ಮತ ಎಣಿಸಲು ಕೂತು ನಾನು ಎಡವಿದ್ದು

ನಮ್ಮ ಸಂಘದ ಅಧ್ಯಕ್ಷರ ಆಯ್ಕೆಗೆ ಪ್ರಾಶಸ್ತ್ಯ ಮತ ಇಟ್ಟಿದ್ದೆವು, ಅಂದರೆ ಅಭ್ಯರ್ಥಿಗಳ ಹೆಸರಿನ ಮುಂದೆ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯೋದು. ಎಣಿಕೆ ನನ್ನ ತಲೆಗೆ ಬಂತು. 62 ಮತಪತ್ರ ತಾನೇ, ಅರ್ಧ ಗಂಟೆ ಸಾಕು ಅಂದುಕೊಂಡೆ.

ಎರಡು ಪತ್ರ ಆರಂಭದಲ್ಲೇ ತಿರಸ್ಕೃತವಾದವು. ಒಂದರಲ್ಲಿ ಅಂಕಿ ಬದಲು ಟಿಕ್, ಇನ್ನೊಂದರಲ್ಲಿ ಇಬ್ಬರ ಮುಂದೆಯೂ 1. ಉಳಿದವು 60. ಅದರ ಅರ್ಧಕ್ಕೆ ಒಂದು ಸೇರಿಸಿದರೆ 31, ಅದೇ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತ. ಕಣದಲ್ಲಿದ್ದವರು ನಾಲ್ವರು, ಎ, ಬಿ, ಸಿ, ಡಿ ಅನ್ನೋಣ. ಮೊದಲ ಪ್ರಾಶಸ್ತ್ಯದಲ್ಲಿ ಎ 24, ಬಿ 19, ಸಿ 11, ಡಿ 6. ಕೋಟಾ ಯಾರೂ ಮುಟ್ಟಲಿಲ್ಲ. ಕೊನೆಯಲ್ಲಿದ್ದ ಡಿ ಹೊರಗೆ. ಆ ಆರು ಪತ್ರಗಳಲ್ಲಿ 2 ಯಾರ ಮುಂದಿದೆ ನೋಡಿ ಹಂಚಿದೆ. ಎ 25, ಬಿ 20, ಸಿ 15.

ಆಗಲೂ ಕೋಟಾ ಯಾರಿಗೂ ಸಿಗದೆ, ಈಗ ಕೊನೆಯಲ್ಲಿದ್ದ ಸಿ ಹೊರಗೆ. ಎಡವಿದ್ದು ಸಿ ಅವರ ಕಟ್ಟು ಬಿಚ್ಚಿದಾಗ. ಮೂರು ಎಗೆ, ಏಳು ಬಿಗೆ ಹೋದವು. ಐದು ಪತ್ರಗಳನ್ನು 'ಮುಗಿದವು', ಅಂದರೆ ಮುಂದೆ ಯಾರಿಗೂ ಹೋಗುವಂತಿಲ್ಲ, ಅಂತ ಬದಿಗಿಟ್ಟೆ. ಎ 28, ಬಿ 27. ಬದಿಗಿಟ್ಟ ಐದನ್ನೂ ಸೇರಿಸಿ ಒಟ್ಟು ಕೂಡಿಸಿದೆ, ಸರಿಯಾಗಿ 60! ಇನ್ನೇನು ಹೆಸರು ಓದಬೇಕು, ಜೊತೆಗೆ ಕೂತಿದ್ದವರು ಬದಿಗಿಟ್ಟ ಪತ್ರವೊಂದನ್ನು ಎತ್ತಿ ಹಿಡಿದರು. "ಅಲ್ರೀ, ಇದರಲ್ಲಿ ಬಿ ಮುಂದೆ 3 ಇದೆಯಲ್ಲ, ಯಾಕೆ ಬಿಟ್ರಿ?"

ನೋಡಿದರೆ ಹೌದು. ಸಿಗೆ 1, ಡಿಗೆ 2, ಬಿಗೆ 3. ಡಿ ಆಗಲೇ ಹೊರಗೆ ಹೋಗಿದ್ದರಿಂದ ಪತ್ರವೇ ಮುಗಿಯಿತು ಅಂದುಕೊಂಡಿದ್ದೆ. ಹಾಗಲ್ಲ. ಕಣದಲ್ಲಿ ಇನ್ನೂ ಉಳಿದವರ ಹೆಸರು ಸಿಗುವವರೆಗೆ ಕೆಳಗಿಳಿಯುತ್ತಾ ಹೋಗಬೇಕು. ಅಂಥವು ಮೂರಿದ್ದವು, ಮೂರೂ ಬಿಗೇ. ಬರೀ 1 ಬರೆದು ಬಿಟ್ಟಿದ್ದ ಎರಡು ಮಾತ್ರ ನಿಜವಾಗಿ ಮುಗಿದವು. ಕೊನೆಗೆ ಎ 28, ಬಿ 30. ಫಲಿತಾಂಶವೇ ತಲೆಕೆಳಗು! ನನಗೆ ಬೆವರು ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. "31 ಎಲ್ಲಿ ಆಯ್ತು?" ಅಂತ ಒಬ್ಬರು ಎದ್ದರು. ಮುಗಿದ ಪತ್ರಗಳು ಲೆಕ್ಕದಿಂದ ಹೋದಾಗ ಹೀಗಾಗುತ್ತದೆ. ಇಬ್ಬರೇ ಉಳಿದರೆ ಹೆಚ್ಚು ಮತ ಇದ್ದವರೇ ಗೆದ್ದಂತೆ ಅನ್ನೋದನ್ನು ಪೆಟ್ಟಿಗೆ ತೆರೆಯೋ ಮುಂಚೆಯೇ ಓದಿದ್ದೆ, ಸದ್ಯ ಬಚಾವಾದೆ. ಮೊದಲ ಸುತ್ತಿನಲ್ಲಿ ಮುಂದಿದ್ದವರು ಸೋತಿದ್ದು ಅನ್ಯಾಯ ಅನ್ನೋ ಮಾತೂ ಬಂತು. ನಾನು ಒಪ್ಪಲಿಲ್ಲ. ಮೊದಲ ಸುತ್ತಿಗೇ ನಿಲ್ಲಿಸೋದಾದರೆ 2, 3 ಬರೆಸಿದ್ದಾದರೂ ಯಾಕೆ? 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿಯವರೂ ಮುಂದಿನ ಪ್ರಾಶಸ್ತ್ಯಗಳು ಸೇರಿದ ಮೇಲೇ ಕೋಟಾ ದಾಟಿದ್ದು.

ಒಟ್ಟು ತಾಳೆಯಾದರೆ ಎಣಿಕೆ ಸರಿ ಅಂತ ನಾನೀಗ ನಂಬೋದಿಲ್ಲ. ಬದಿಗಿಟ್ಟ ಕಟ್ಟನ್ನು ಇನ್ನಿಬ್ಬರು ಒಂದೊಂದಾಗಿ ನೋಡಿ ಸಹಿ ಹಾಕಬೇಕು, ಆಮೇಲೇ ಹೆಸರು ಓದೋದು.