ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಆಯಿಲ್ ಮಟ್ಟ ನೋಡಿದ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಆಟೊಮ್ಯಾಟಿಕ್ ಗೇರಿನ ನನ್ನ 2012ರ ವೆಂಟೊ ಕಾರು, ಬೆಳಿಗ್ಗೆ ಲಿವರನ್ನು ಡಿಗೆ (ಡ್ರೈವ್, ಅಂದರೆ ಮುಂದೆ ಚಲಿಸುವ ಸ್ಥಾನ) ತಂದ ಮೇಲೆ ಎರಡು ಕ್ಷಣ ಸುಮ್ಮನಿದ್ದು, ಆಮೇಲೆ ಜಗ್ಗಿ ಮುಂದಕ್ಕೆ ಚಲಿಸತೊಡಗಿತು. ಕೆಳಗೆ ಬಗ್ಗಿ ನೋಡಿದರೆ ಎಡಗಡೆಯ ಆಕ್ಸಲ್ ಗೇರ್‌ಬಾಕ್ಸಿನೊಳಗೆ ಹೋಗುವ ಜಾಗವೆಲ್ಲ ಎಣ್ಣೆಯಿಂದ ಒದ್ದೆಯಾಗಿತ್ತು. ಹಿಂದೊಮ್ಮೆ ಗ್ಯಾರೇಜೊಂದರಲ್ಲಿ ಆಕ್ಸಲ್ ಬಿಚ್ಚಿ ಜೋಡಿಸಿದಾಗ ಸೀಲಿನ ಅಂಚು ಹರಿದಿತ್ತು. ಹೊಸ ಸೀಲ್ ಹಾಕಿಸಿದೆ. ಆದರೆ ಒಳಗೆ ಎಷ್ಟು ಆಯಿಲ್ ಉಳಿದಿದೆ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ‘ಇದು ಲೈಫ್‌ಟೈಮ್ ಆಯಿಲ್ ಸರ್, ಬದಲಿಸಬೇಕಾಗಿಲ್ಲ; ನೋಡುವುದಕ್ಕೆ ಡಿಪ್‌ಸ್ಟಿಕ್ಕೇ (ಮಟ್ಟ ಅಳೆಯುವ ಕಡ್ಡಿ) ಕೊಟ್ಟಿಲ್ಲ’ ಎಂದು ಮೆಕ್ಯಾನಿಕ್ ಹೇಳಿದರು. ಡಿಪ್‌ಸ್ಟಿಕ್ ಕೊಟ್ಟಿಲ್ಲ ಎಂಬುದು ನಿಜ. ಆದರೆ ಮಟ್ಟ ನೋಡುವ ದಾರಿಯನ್ನು ತಯಾರಕರು ಕೊಟ್ಟೇ ಇದ್ದಾರೆ.

ನನ್ನ ಕಾರಿನಲ್ಲಿರುವುದು ಐಸಿನ್ ಕಂಪನಿಯ ವಿನ್ಯಾಸದ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರುಗಳಿಗೆ ದಾಟಿಸುವ ಭಾಗ) ಇರುವ ಆರು ಗೇರುಗಳ ಪೆಟ್ಟಿಗೆ. ಇದರ ಅಡಿಯ ಪ್ಯಾನಿನಲ್ಲಿ 5 ಮಿಲಿಮೀಟರ್ ಅಲೆನ್ ಕೀಯಿಂದ ಬಿಚ್ಚುವ ಒಂದು ಪ್ಲಗ್ ಇದೆ, ಅದರ ಹಿಂದೆಯೇ ಪ್ಯಾನಿನೊಳಗೆ ಮೇಲ್ಮುಖವಾಗಿ ನಿಂತಿರುವ ಒಂದು ಸಣ್ಣ ಕೊಳವೆ ಇದೆ. ಎಂಜಿನ್ ಓಡುತ್ತಿರುವಾಗ, ಆಯಿಲ್ 35ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಾಗ, ಈ ಕೊಳವೆಯ ಬಾಯಿಯಿಂದ ತುಸು ತುಸುವೇ ಹೊರಚೆಲ್ಲಿದರೆ ಮಟ್ಟ ಸರಿಯಿದೆ ಎಂದರ್ಥ.

ಉಷ್ಣತೆಗೆ ಇಷ್ಟು ಮಹತ್ವ ಏಕೆಂದರೆ, ಈ ಎಣ್ಣೆ ಒಂದೊಂದು ಡಿಗ್ರಿಗೂ ಹತ್ತು ಸಾವಿರದಲ್ಲಿ ಸುಮಾರು ಏಳೆಂಟು ಪಾಲಿನಷ್ಟು ಹಿಗ್ಗುತ್ತದೆ. ಕೇಳಲು ಅಲ್ಪವೆನಿಸಿದರೂ, ಪೆಟ್ಟಿಗೆಯಲ್ಲಿರುವ ಸುಮಾರು 7 ಲೀಟರ್ ಆಯಿಲ್ 20 ಡಿಗ್ರಿಯಿಂದ 80 ಡಿಗ್ರಿಗೆ ಏರುವಷ್ಟರಲ್ಲಿ ಆ ಹಿಗ್ಗುವಿಕೆ ಹತ್ತಿರ ಹತ್ತಿರ 300 ಮಿಲಿಲೀಟರ್ ಆಗುತ್ತದೆ. ತಣ್ಣಗಿರುವಾಗ ಚೆಲ್ಲುವ ತನಕ ತುಂಬಿದರೆ ಬಿಸಿಯಾದ ಮೇಲೆ ಅದು ಹೆಚ್ಚಾಗಿ, ತಿರುಗುವ ಭಾಗಗಳಿಗೆ ತಾಗಿ ನೊರೆಯೇಳುತ್ತದೆ. ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಪ್ಲಗ್ ಬಿಚ್ಚಿದರೆ ಇರಬೇಕಾದ ಆಯಿಲೂ ಹರಿದುಹೋಗುತ್ತದೆ.

ಮೊದಲ ಪ್ರಯತ್ನದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಓಡುತ್ತಿರುವ ಕಾರಿನ ಕೆಳಗೆ ಕೈ ಹಾಕಲು ಹೆದರಿ, ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಎಣ್ಣೆ ಧಾರೆಯಾಗಿ ಸುರಿಯಿತು. ಆಯಿಲ್ ಬೇಕಾದಷ್ಟಿದೆಯೆಂದು ಭಾವಿಸಿ, ಧಾರೆ ನಿಂತ ಮೇಲೆ ಪ್ಲಗ್ ಮುಚ್ಚಿದೆ. ಎಂಜಿನ್ ನಿಂತಾಗ ಪಂಪ್ ಕೂಡ ನಿಲ್ಲುತ್ತದೆ, ಕನ್ವರ್ಟರ್ ಮತ್ತು ವಾಲ್ವ್ ಬಾಡಿಯಲ್ಲಿದ್ದ (ಆಯಿಲನ್ನು ಬೇಕಾದ ದಾರಿಗೆ ಹಾಯಿಸುವ ಕವಾಟಗಳ ಭಾಗ) ಆಯಿಲ್ ಪ್ಯಾನಿಗೆ ಇಳಿದು ಅಲ್ಲಿನ ಮಟ್ಟವನ್ನು ಏರಿಸುತ್ತದೆ ಎಂಬುದು ನನಗೆ ಆಮೇಲೆ ಹೊಳೆಯಿತು. ಸೋರಿದ್ದನ್ನು ಅಳತೆಯ ಜಗ್ಗಿಗೆ ಸುರಿದು ನೋಡಿದೆ: 350 ಮಿಲಿಲೀಟರ್. ಮೊದಲೇ ಕಡಿಮೆಯಿದ್ದುದನ್ನು ನಾನೇ ಇನ್ನಷ್ಟು ಕಡಿಮೆ ಮಾಡಿದ್ದೆ. ಕಾರನ್ನು ಅಲ್ಲಿಂದ ಕದಲಿಸಲಿಲ್ಲ. ಪರಿಚಯದವರ ಲಾರಿ ಗ್ಯಾರೇಜಿನ ಪಿಟ್‌ವರೆಗೆ (ವಾಹನದ ಕೆಳಗೆ ನಿಂತು ಕೆಲಸ ಮಾಡುವ ಗುಂಡಿ) ಟೋ ಟ್ರಕ್ಕಿನ ಮೇಲೆಯೇ ಒಯ್ಯಿಸಿದೆ.

ಈ ಕೆಲಸಕ್ಕೆ ಪಿಟ್‌ನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮುಂದಿನ ಎರಡು ಗಾಲಿಗಳನ್ನು ಮಾತ್ರ ಜಾಕಿನಿಂದ ಎತ್ತಿದರೆ ಕಾರು ಓರೆಯಾಗಿ ಅಳತೆಯೇ ತಪ್ಪಾಗುತ್ತದೆ; ಪಿಟ್‌ನಲ್ಲಿ ನಾಲ್ಕೂ ಗಾಲಿಗಳು ನೆಲದ ಮೇಲೇ ಇರುತ್ತವೆ. ಆದರೂ ಗಾರೆ ಕೆಲಸದವರು ಬಳಸುವ ರಸಮಟ್ಟವನ್ನು ಬಾಗಿಲಿನ ಕೆಳಪಟ್ಟಿಯ ಮೇಲಿಟ್ಟು ಸಮವಾಗಿದೆಯೇ ಎಂದು ನೋಡಿದೆ, ಗಾಲಿಗಳಿಗೆ ಕಟ್ಟೆ ಕೊಟ್ಟೆ, ಹ್ಯಾಂಡ್‌ಬ್ರೇಕ್ ಎಳೆದೆ. ಶೆಡ್ಡು ಎರಡೂ ಕಡೆ ತೆರೆದಿತ್ತು. ಎಂಜಿನ್ ಓಡುತ್ತಿರುವಾಗ ಮುಚ್ಚಿದ ಜಾಗದಲ್ಲಿ ಪಿಟ್‌ಗೆ ಇಳಿಯಲೇಬಾರದು, ಹೊಗೆ ಅಲ್ಲಿ ತುಂಬಿಕೊಳ್ಳುತ್ತದೆ.

ಬೆಳಿಗ್ಗೆ ಆರೂವರೆಗೆ ಆರಂಭಿಸಿದೆವು. ಅಕ್ಕನ ಮಗ ಚಾಲಕನ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು ಕುಳಿತ. ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸಾಮಾನ್ಯವಾದ ಅಗ್ಗದ ಓಬಿಡಿ ರೀಡರುಗಳು ಬಹುಪಾಲು ಎಂಜಿನ್ನಿನ ಮಾಹಿತಿಯನ್ನಷ್ಟೇ ತೋರಿಸುವುದರಿಂದ, ಗೇರ್‌ಬಾಕ್ಸಿನ ಆಯಿಲ್ ಉಷ್ಣತೆಯನ್ನು ಓದಬಲ್ಲ, ಆ ಕಾರಿಗೆ ಹೊಂದುವ ಸ್ಕ್ಯಾನರನ್ನೇ ಎರವಲು ತಂದಿದ್ದೆ. ಆರಂಭದಲ್ಲಿ 22 ಡಿಗ್ರಿ ಇತ್ತು. ಸೋರಿದ್ದಕ್ಕೆ ಬದಲಾಗಿ ಮೊದಲು ಅರ್ಧ ಲೀಟರ್ ತುಂಬಿ ಪ್ಲಗ್ ಹಾಕಿದ ಮೇಲೆಯೇ ಎಂಜಿನ್ ಚಾಲೂ ಮಾಡಿಸಿದೆ. ಏಸಿ ಬಂದ್ ಮಾಡಿಸಿ, ಬ್ರೇಕ್ ಒತ್ತಿಯೇ ಇಟ್ಟು ಲಿವರನ್ನು ಪಿಯಿಂದ (ಪಾರ್ಕ್) ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ ಹೀಗೆ ಒಂದೊಂದರಲ್ಲೂ ಕೆಲವು ಕ್ಷಣ ನಿಲ್ಲಿಸಿ ಪುನಃ ಪಿಗೆ ತರಿಸಿದೆ. ಎಲ್ಲ ದಾರಿಗಳಲ್ಲೂ ಆಯಿಲ್ ತುಂಬಿಕೊಳ್ಳಲೆಂದು ಹೀಗೆ ಮಾಡುವುದು. ಲಿವರ್ ಪಿಗೆ ಬಂದ ಮೇಲಷ್ಟೇ ನಾನು ಪಿಟ್‌ಗೆ ಇಳಿದೆ.

‘ಮಾವ, ಮೂವತ್ತಾರು’ ಎಂದು ಅವನು ಕೂಗಿದಾಗ ಪ್ಲಗ್ ಬಿಚ್ಚಿದೆ. ಒಂದಿಷ್ಟು ಕಡುಕಂದು ಎಣ್ಣೆ ಬಳಬಳನೆ ಬಿದ್ದು ತಟ್ಟನೆ ನಿಂತಿತು. ಇಲ್ಲಿ ಮೋಸ ಹೋಗುವುದು ಸುಲಭ. ಅದು ಹೊರಚೆಲ್ಲಿದ ಆಯಿಲ್ ಅಲ್ಲ, ಕೊಳವೆಯೊಳಗೆ ನಿಂತಿದ್ದದ್ದು; ಮಟ್ಟ ಎಷ್ಟೇ ಕಡಿಮೆಯಿದ್ದರೂ ಅಷ್ಟು ಬಿದ್ದೇ ಬೀಳುತ್ತದೆ. ಅದರ ಮೇಲೆ ಒಂದು ಹನಿಯೂ ಬರಲಿಲ್ಲವಾದ್ದರಿಂದ, ತೂತಿನ ತಿರುಪಿನ ಎಳೆಗೆ ಕೂರುವ ಅಡಾಪ್ಟರ್ ಇದ್ದ ಕೈಪಂಪಿನಿಂದ ಜೆಡಬ್ಲ್ಯೂಎಸ್ 3309 ಮಾನದಂಡದ ಹೊಸ ಆಯಿಲನ್ನು ನೂರು ನೂರು ಮಿಲಿಲೀಟರಿನಂತೆ ಒಳಗೆ ಕಳಿಸಿದೆ. ಎಂಜಿನ್ನಿನ ನೀರು ಬಿಸಿಯಾದ ಮೇಲೆ ಆಯಿಲಿನ ಉಷ್ಣತೆ ಬೇಗ ಏರುತ್ತದೆ, ಏಕೆಂದರೆ ಈ ಪೆಟ್ಟಿಗೆಯ ಕೂಲರಿನೊಳಗೆ ಹರಿಯುವುದು ಅದೇ ನೀರು. ಆದ್ದರಿಂದ ಕೈ ಚುರುಕಾಗಿರಬೇಕು. 45 ದಾಟಿದರೆ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಮೊದಲಿನಿಂದ ಆರಂಭಿಸುವುದೇ ಸರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದನ್ನು ಮಧ್ಯಾಹ್ನ ಮಾಡಲು ಹೋದರೆ ಸಮಯವೇ ಸಿಗುವುದಿಲ್ಲ.

ನಾಲ್ಕನೆಯ ನೂರರ ನಂತರ ಅಡಾಪ್ಟರ್ ತೆಗೆದಾಗ ಉಷ್ಣತೆ 41 ಇತ್ತು. ಬೆರಳಿನಷ್ಟು ದಪ್ಪದ ಧಾರೆ ಬಂತು, ತೆಳುವಾಗುತ್ತಾ ನೂಲಿನಂತಾಯಿತು, ಆಮೇಲೆ ನೂಲು ತುಂಡಾಗಿ ಒಂದರ ಹಿಂದೆ ಒಂದು ಹನಿಯಾಯಿತು. ಹನಿಯಾದ ಆ ಗಳಿಗೆಯಲ್ಲೇ, ಎಂಜಿನ್ ಓಡುತ್ತಿರುವಾಗಲೇ, ಹೊಸ ವಾಷರ್ ಹಾಕಿದ ಪ್ಲಗ್ಗನ್ನು ಕೂರಿಸಿ ಟಾರ್ಕ್ ರೆಂಚಿನಿಂದ 27 ನ್ಯೂಟನ್ ಮೀಟರಿಗೆ ಬಿಗಿದೆ.

ಬೇರೆ ಕಾರುಗಳಲ್ಲಿ ತತ್ವ ಇದೇ ಆದರೂ ಅಂಕಿಗಳು ಮತ್ತು ತೂತಿನ ಜಾಗ ಬೇರೆ. ಝಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆಯಲ್ಲಿ ಪಕ್ಕದ ತುಂಬುವ ತೂತಿನಿಂದಲೇ 30ರಿಂದ 50 ಡಿಗ್ರಿಯೊಳಗೆ ಚೆಲ್ಲಬೇಕು. ತುಂಬುವ ಪ್ಲಗ್ ಬೇರೆಯೇ ಇರುವ ಕಾರುಗಳಲ್ಲಿ ಮೊದಲು ಅದು ಸಡಿಲವಾಗುತ್ತದೆಯೇ ಎಂದು ನೋಡಿಕೊಳ್ಳದೆ ಕೆಳಗಿನದನ್ನು ಮುಟ್ಟಬಾರದು.

ಪಂಪಿನಿಂದ ಒಳಗೆ ಹೋದದ್ದು ಒಟ್ಟು 900, ಕೊನೆಗೆ ಟ್ರೇಗೆ ಬಿದ್ದದ್ದು 80 ಮಿಲಿಲೀಟರ್. ನಾನೇ ಸೋರಿಸಿದ 350 ಕಳೆದರೆ, ಹರಿದ ಸೀಲಿನಿಂದ ಹೋದದ್ದು ಅರ್ಧ ಲೀಟರಿಗೆ ತುಸು ಕಡಿಮೆ. ಮರುದಿನ ಬೆಳಿಗ್ಗೆ ಲಿವರ್ ಡಿಗೆ ಬಂದ ಕೂಡಲೇ ಕಾರು ತಡವರಿಸದೆ ಮುಂದೆ ಸರಿಯಿತು.