ಮನೆಯಲ್ಲಿ ಕಾರ್ ಚಾರ್ಜಿಂಗ್: ಬ್ಯಾಟರಿಗೂ ವೈರಿಂಗಿಗೂ ಹಿತವಾಗುವಂತೆ

ಮನೆಯ ಚಾರ್ಜರ್ ಜೋರಾಗಿದ್ದರೆ ಬ್ಯಾಟರಿ ಬೇಗ ಹಾಳಾಗುತ್ತದೆ ಎಂಬ ಭಯ ಬೇಡ. 230 ವೋಲ್ಟ್, 32 ಆಂಪಿಯರ್ ಅಂದರೆ ಸುಮಾರು 7.4 ಕಿಲೋವ್ಯಾಟ್. 40 ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಆರು ಗಂಟೆ ಬೇಕು. ಸೆಲ್‌ಗಳ ಮಟ್ಟಿಗೆ ಇದು ನಿಧಾನವೇ. 6 ಆಂಪಿಯರ್‌ಗೆ ಇಳಿಸಿದರೆ ಕರೆಂಟೇ ಪೋಲು: ಚಾರ್ಜ್ ಆಗಲು ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತೂ ಕಾರಿನ ಎಲೆಕ್ಟ್ರಾನಿಕ್ಸ್ ಎಚ್ಚರವಾಗಿದ್ದು ತನ್ನ ಪಾಲು ತಿನ್ನುತ್ತಿರುತ್ತದೆ.

ಬ್ಯಾಟರಿ ಸವೆಯುವುದು ಬಿಸಿಯಿಂದ, ಮತ್ತು 100% ತುಂಬಿಸಿ ದಿನಗಟ್ಟಲೆ ನಿಲ್ಲಿಸುವುದರಿಂದ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ) ಬ್ಯಾಟರಿಯಾದರೆ ದಿನನಿತ್ಯದ ಮಿತಿ 80%ಕ್ಕೆ ಇಡಿ. ದೂರ ಹೋಗುವಾಗ ಪೂರ್ತಿ ತುಂಬಿಸಿ, ಆದರೆ ಹೊರಡುವ ಹೊತ್ತಿಗೆ ಮುಗಿಯುವಂತೆ ಟೈಮರ್ ಹಾಕಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬಗೆಯ) ಬ್ಯಾಟರಿಯನ್ನು ಆಗಾಗ 100% ಮಾಡಲೇಬೇಕು, ಇಲ್ಲದಿದ್ದರೆ ಉಳಿದ ಚಾರ್ಜ್‌ನ ಲೆಕ್ಕ ತಪ್ಪುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಬಿಸಿಲಲ್ಲಿ ಓಡಿಸಿ ಬಂದಿದ್ದರೆ ರಾತ್ರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ.

ನಿಜವಾದ ಅಪಾಯ ಗೋಡೆಯಲ್ಲಿದೆ. 16 ಆಂಪಿಯರ್ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಎಳೆಯುವುದಾದರೆ 10ಕ್ಕೆ ಇಳಿಸಿ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲೇ ಬಿಸಿ ಹುಟ್ಟಿ ಪ್ಲಾಸ್ಟಿಕ್ ಕಂದುತ್ತದೆ. ಅರ್ಧ ಗಂಟೆಯ ನಂತರ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ, ಸಾಕೆಟ್ ಬದಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. 7.4 ಕಿಲೋವ್ಯಾಟ್ ಚಾರ್ಜರ್‌ಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, ಕನಿಷ್ಠ 6 ಚದರ ಮಿಲಿಮೀಟರ್ ತಾಮ್ರದ ವೈರ್ (ದೂರವಿದ್ದರೆ 10), 40 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಅರ್ಥಿಂಗ್ ಕೆಟ್ಟಿದ್ದರೆ ಎಷ್ಟೋ ಕಾರುಗಳು ಚಾರ್ಜಿಂಗ್ ಶುರುವೇ ಮಾಡುವುದಿಲ್ಲ.