ಎರಡು ಪೋಲರಾಯ್ಡ್ ಹಾಳೆಯಲ್ಲಿ ಸಕ್ಕರೆಯ ಅಳತೆ

ಕಬ್ಬಿನ ರಸಕ್ಕೆ ಕಾರ್ಖಾನೆಯ ಲ್ಯಾಬಿನಲ್ಲಿ 'ಪೋಲ್' (ಧ್ರುವೀಕರಿಸಿದ ಬೆಳಕಿನಿಂದ ಅಳೆದ ಸಕ್ಕರೆಯ ಪ್ರಮಾಣ) ನೋಡುತ್ತಾರಲ್ಲ, ಅದೇ ಅಳತೆಯನ್ನು ಮನೆಯಲ್ಲಿ ನಾನು ಮಾಡುವ ಬಗೆ ಇದು. ಪೋಲರಾಯ್ಡ್ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕರಿಸಿದ ಬೆಳಕನ್ನಷ್ಟೇ ಬಿಡುತ್ತದೆ; ಎರಡು ಹಾಳೆ ಅಡ್ಡಡ್ಡವಾದರೆ ಕತ್ತಲೆ. ನಡುವೆ ಸಕ್ಕರೆ ನೀರಿದ್ದರೆ ಅದು ಆ ದಿಕ್ಕನ್ನು ತಿರುಗಿಸುತ್ತದೆ, ಎಷ್ಟು ತಿರುಗಿತು ಎಂಬುದರಿಂದ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ಕೆಳಗೆ ಹಳದಿ ಎಲ್‌ಇಡಿ (ಸುಮಾರು 590 ನ್ಯಾನೊಮೀಟರ್), ಅದರ ಮೇಲೆ ಟ್ರೇಸಿಂಗ್ ಪೇಪರ್, ಆಮೇಲೆ ಮೊದಲ ಪೋಲರಾಯ್ಡ್. ಅದರ ಮೇಲೆ ತಳ ಮಟ್ಟಸವಾಗಿರುವ ಗಾಜಿನ ಜಾಡಿ, ಸುತ್ತ ಕಪ್ಪು ಕಾಗದ. ಜಾಡಿಯ ಬಾಯಿಯ ಮೇಲೆ ಮುಳ್ಳು ಅಂಟಿಸಿದ ಎರಡನೆಯ ಪೋಲರಾಯ್ಡ್ ತಿರುಗಬೇಕು. ಡಿಗ್ರಿ ಗುರುತಿನ ವೃತ್ತ 30 ಸೆಂ.ಮೀ. ಅಗಲವಿದ್ದರೆ ಒಂದು ಡಿಗ್ರಿಗೆ 2.6 ಮಿ.ಮೀ. ಸಿಗುತ್ತದೆ, ಶಾಲೆಯ ಕೋನಮಾಪಕ ಸಾಲದು. ಪ್ಲಾಸ್ಟಿಕ್ ಜಾಡಿ ಬೇಡವೇ ಬೇಡ. ಅಚ್ಚಿನಲ್ಲಿ ಉಳಿದ ಒತ್ತಡದಿಂದ ಅದು ತಾನೇ ಧ್ರುವೀಕರಣವನ್ನು ಕೆಡಿಸುತ್ತದೆ, ಹಾಳೆ ಎಷ್ಟು ತಿರುಗಿಸಿದರೂ ಬೆಳಕಿನ ಕಲೆ ಉಳಿಯುತ್ತದೆ. ಬಿಳಿ ಬೆಳಕೂ ಆಗದು: ಒಂದೊಂದು ಬಣ್ಣ ಒಂದೊಂದಷ್ಟು ತಿರುಗುವುದರಿಂದ ಕತ್ತಲೆಯ ಬದಲು ಬಣ್ಣ ಕಾಣುತ್ತದೆ.

10 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಮಿ.ಲೀ. ಆಗುವವರೆಗೆ ನೀರು ಸೇರಿಸಬೇಕು. 100 ಮಿ.ಲೀ. ನೀರಿಗೇ ಸಕ್ಕರೆ ಸುರಿದರೆ ಲೆಕ್ಕ ತಪ್ಪುತ್ತದೆ. ಜಾಡಿ ತುಂಬಲು ಸಾಲದಿದ್ದರೆ ಇದೇ ಪ್ರಮಾಣದಲ್ಲಿ ಹೆಚ್ಚು ಮಾಡಿಕೊಳ್ಳಿ. ಗುಳ್ಳೆ ಇಳಿಯುವವರೆಗೆ ಕಾಯಬೇಕು.

ಮೊದಲು ಬರೀ ನೀರು ತುಂಬಿ ಸೊನ್ನೆ ಗುರುತಿಸುವೆ. ಹುಡುಕಬೇಕಾದದ್ದು ಕತ್ತಲೆಯನ್ನು, ಬೆಳಕನ್ನಲ್ಲ. ತುಂಬಾ ಬೆಳಕಿರುವ ಕಡೆ ಐದು ಡಿಗ್ರಿ ತಿರುಗಿಸಿದರೂ ಮಾಲಸ್ ನಿಯಮದಂತೆ (ಬೆಳಕು ಹಾಳೆಗಳ ನಡುವಿನ ಕೋನದ ಕೊಸೈನ್‌ನ ವರ್ಗಕ್ಕೆ ತಕ್ಕಂತೆ) ಶೇ. 1ರಷ್ಟೂ ಕಡಿಮೆಯಾಗದು, ಕಣ್ಣಿಗೆ ತಿಳಿಯುವುದೇ ಇಲ್ಲ. ಕತ್ತಲೆಯ ನಡುವೂ ಕಣ್ಣು ಒಂದೆರಡು ಡಿಗ್ರಿ ತಡವರಿಸುತ್ತದೆ. ಅದಕ್ಕೇ ಎಡಕ್ಕೂ ಬಲಕ್ಕೂ ಒಂದೇ ಮಬ್ಬು ಕಾಣುವ ಎರಡು ಗುರುತು ಓದಿ ಸರಾಸರಿ ತೆಗೆಯುವೆ. ಹೀಗೆ ಐದು ಸಲ.

ಈಗ ಸಕ್ಕರೆ ನೀರು 20 ಸೆಂ.ಮೀ. ಎತ್ತರಕ್ಕೆ. ಕತ್ತಲೆ ಪ್ರದಕ್ಷಿಣೆಯ ದಿಕ್ಕಿನಲ್ಲಿ 13.3 ಡಿಗ್ರಿ ಸರಿಯಬೇಕು: 66.5 (ಸಕ್ಕರೆಯ ವಿಶಿಷ್ಟ ತಿರುಗುವಿಕೆ) × 2 ಡೆಸಿಮೀಟರ್ (20 ಸೆಂ.ಮೀ.) × 0.1 (ಒಂದು ಮಿ.ಲೀ.ಯಲ್ಲಿರುವ ಸಕ್ಕರೆ, ಗ್ರಾಂನಲ್ಲಿ). ಎತ್ತರ ಒಂದು ಸೆಂ.ಮೀ. ತಪ್ಪಿದರೆ ಶೇ. 5 ತಪ್ಪು. ಅನುಮಾನ ಬಂದರೆ 10 ಸೆಂ.ಮೀ.ಗೆ ಇಳಿಸಿ ನೋಡಿ, ಕೋನ ಅರ್ಧವಾಗಲೇಬೇಕು. ಕಾರ್ಖಾನೆಯಲ್ಲಿ 26 ಗ್ರಾಂ ಶುದ್ಧ ಸಕ್ಕರೆಯ 100 ಮಿ.ಲೀ. ದ್ರಾವಣ 20 ಸೆಂ.ಮೀ. ಉದ್ದದ ಕೊಳವೆಯಲ್ಲಿ ತೋರಿಸುವ 34.6 ಡಿಗ್ರಿಯನ್ನೇ 100 ಎಂದು ಹಿಡಿಯುತ್ತಾರೆ.

ಹುಳಿ ಬಿದ್ದ ದ್ರಾವಣ ನಂಬಬೇಡಿ. ಸುಕ್ರೋಸ್ (ನಮ್ಮ ಸಕ್ಕರೆ) ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ಎಡಕ್ಕೆ ಜೋರಾಗಿ ಎಳೆಯುವುದರಿಂದ ಕೋನ ಇಳಿಯುತ್ತಾ ಹೋಗಿ, ಪೂರ್ತಿ ಒಡೆದಾಗ ಸೊನ್ನೆಯ ಆಚೆ ಸುಮಾರು 4 ಡಿಗ್ರಿ ಎಡಕ್ಕೆ ನಿಲ್ಲುತ್ತದೆ. ಕಡಿದ ಕಬ್ಬು ಅರೆಯದೆ ದಿನಗಟ್ಟಲೆ ನಿಂತರೆ ಪೋಲ್ ಬೀಳಲು ಇದೂ ಒಂದು ಕಾರಣ.